ದತ್ತ, ಸಾಧನೀಯ, ಸಾಧನೆ

ನನ್ನ ಹಳೆಯ ವಿದ್ಯಾರ್ಥಿಗಳು ಎಲ್ಲಿ ಸಿಕ್ಕರೂ ಕುಶಲೋಪರಿ ಮುಗಿದೊಡನೆ ನಗುತ್ತ ನೆನಪಿಸುವುದು ಒಂದೇ ಮಾತನ್ನು: ‘ದತ್ತ, ಸಾಧನೀಯ, ರಚನೆ, ಸಾಧನೆ.’ ರೇಖಾಗಣಿತದ ಪ್ರಮೇಯ ಬರೆಯುವಾಗ ಈ ಶೀರ್ಷಿಕೆಗಳನ್ನು ಎಡಬದಿಯಲ್ಲಿ ಬರೆದು ಅಡಿಗೆರೆ ಎಳೆಯದವರಿಗೆ ನಾನು ಪೂರ್ಣ ಅಂಕ ಕೊಡುತ್ತಿರಲಿಲ್ಲ. ಅದರಲ್ಲಿಯೂ ದತ್ತದ ವಿಷಯದಲ್ಲಿ ನಾನು ಬಹಳ ಕಠಿಣ. ‘ಕೊಟ್ಟಿರುವುದೆಲ್ಲವನ್ನೂ ಮೊದಲು ಬರೆಯಿರಿ. ದತ್ತದಲ್ಲಿ ಒಂದನ್ನು ಬಿಟ್ಟು ಸಾಧನೆಗೆ ಹೊರಟವನು ನಾಲ್ಕನೆಯ ಹೆಜ್ಜೆಯಲ್ಲಿ ಎಡವುತ್ತಾನೆ’ ಎಂದು ಮೂವತ್ತು ವರ್ಷಗಳ ಕಾಲ ಸೀಮೆಸುಣ್ಣ ಹಿಡಿದು ಹೇಳಿದವನು ನಾನು. ಹಾಗೆ ಹೇಳಿದವನೇ ಅರವತ್ತು ದಾಟಿದ ಮೇಲೆ ಹೇಗೆ ಎಡವಿದೆನೆಂಬುದನ್ನು ಇಂದು ಬರೆಯಬೇಕೆನಿಸಿದೆ.

ಇದು ನನ್ನ ತಂಗಿಯ ಮಗಳ ಕಥೆ. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಬಂಧುಗಳಿಗೆ ವಿಷಯ ತಿಳಿದೇ ಇದೆ. ಉಳಿದವರಿಗೆ ಹೆಸರು ಬೇಡ. 2014ರಲ್ಲಿ ಮದುವೆಯಾದ ಹುಡುಗಿ 2022ರ ದೀಪಾವಳಿಗೆ ಮಗನೊಡನೆ ತವರಿಗೆ ಬಂದವಳು ಮರಳಿ ಹೋಗಲಿಲ್ಲ. ಮರುವರ್ಷ ಗಂಡ ಕೌಟುಂಬಿಕ ನ್ಯಾಯಾಲಯದಲ್ಲಿ ವಿಚ್ಛೇದನಕ್ಕೆ ಅರ್ಜಿ ಹಾಕಿದ. ಇವಳು ಹಿಂದೂ ವಿವಾಹ ಕಾಯ್ದೆಯ 24ನೇ ಕಲಮಿನಡಿ ತನಗೆ, 26ನೇ ಕಲಮಿನಡಿ ಮಗುವಿಗೆ ಮಧ್ಯಂತರ ಜೀವನಾಂಶ ಕೇಳಿದಳು. ಯಾರ ತಪ್ಪು ಎಷ್ಟು ಎಂಬ ಲೆಕ್ಕವನ್ನು ಇಲ್ಲಿ ಮಾಡಲಾರೆ. ಎರಡು ಮನೆಯವರಿಗೂ ಅವರವರ ದುಃಖವಿತ್ತು.

ಅವಳ ವಕೀಲೆ ನನ್ನ ಶಿಷ್ಯೆಯೇ. 1996ರಲ್ಲಿ ನಮ್ಮ ಶಾಲೆಯ ಒಂಬತ್ತನೇ ತರಗತಿಯಲ್ಲಿ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದವಳು. ಮೊದಲ ದಿನ ಅವಳ ಕಛೇರಿಗೆ ಹೋದಾಗ ನನ್ನ ಕುರ್ಚಿಯನ್ನು ತಾನೇ ಒರೆಸಿ, ‘ಕೂತ್ಕೊಳ್ಳಿ ಸಾರ್’ ಎಂದು, ನಾನು ಕೂರುವ ತನಕ ನಿಂತೇ ಇದ್ದಳು.

ಸಮಸ್ಯೆ ಸರಳವಾಗಿತ್ತು. ಗಂಡ, ತಾನು ಕಂಪನಿಯ ಕೆಲಸ ಬಿಟ್ಟಿದ್ದೇನೆ, ಬಂಧುವೊಬ್ಬರ ಅಂಗಡಿಯಲ್ಲಿ ಸಹಾಯಕನಾಗಿ ತಿಂಗಳಿಗೆ 18,000 ರೂಪಾಯಿ ಸಿಗುತ್ತದೆ ಎಂದು ಬರೆದುಕೊಟ್ಟಿದ್ದ. ಅದೇ ಮನುಷ್ಯ ಹೊಸ ಕಾರಿನಲ್ಲಿ ವಾಯಿದೆಗೆ ಬರುತ್ತಿದ್ದ. ನಮಗೆ ಗೊತ್ತಿದ್ದುದು ಒಂದು, ತೋರಿಸಲು ಸಾಧ್ಯವಿದ್ದುದು ಇನ್ನೊಂದು. ನ್ಯಾಯಾಲಯದ ಮುಂದೆ ‘ನಮಗೆ ಗೊತ್ತು’ ಎಂಬುದಕ್ಕೆ ಬೆಲೆಯಿಲ್ಲ.

ಆಗ ನನ್ನ ಸೋದರಳಿಯ, ಅಂದರೆ ಹುಡುಗಿಯ ತಮ್ಮ, ಒಂದು ಉಪಾಯ ಹೇಳಿದ. ಭಾವನ ಹಳೆಯ ಇ-ಮೇಲ್ ಪಾಸ್‌ವರ್ಡ್ ಅಕ್ಕನಿಗೆ ಗೊತ್ತಿದೆ. ಒಳಹೊಕ್ಕು ನೋಡಿದರೆ ಸಂಬಳದ ಚೀಟಿಗಳೆಲ್ಲ ಸಿಕ್ಕಿಯಾವು. ಸತ್ಯಕ್ಕಾಗಿ ಇಷ್ಟು ಮಾಡಿದರೆ ತಪ್ಪೇನು ಎಂದು ನನಗೂ ಅನ್ನಿಸಿತು. ವಕೀಲೆ ಕೈ ಅಡ್ಡ ಆಡಿಸಿದಳು. ‘ಬೇಡಿ ಸಾರ್. ಅನುಮತಿಯಿಲ್ಲದೆ ಇನ್ನೊಬ್ಬರ ಖಾತೆಗೆ ನುಗ್ಗುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಅಪರಾಧವಾಗುತ್ತದೆ. ಜೀವನಾಂಶ ಕೇಳಲು ಬಂದವಳು ಆರೋಪಿಯಾಗಿ ನಿಲ್ಲಬೇಕಾದೀತು. ಕದ್ದು ತರುವುದೇಕೆ? ಕೇಳಿಯೇ ತರಿಸೋಣ.’

ಕೇಳಿದರೆ ಯಾರು ಕೊಡುತ್ತಾರೆ ಎಂದು ನಾನು ನಕ್ಕೆ. ಆದರೆ ಕೇಳಿ ತರಿಸುವುದಕ್ಕೆಂದೇ ನಮ್ಮ ಕಾನೂನಿನಲ್ಲಿ ಒಂದು ಬಾಗಿಲಿದೆ, ಅದು ನೂರು ವರ್ಷಗಳಿಗಿಂತ ಹಳೆಯದು ಎಂಬುದು ನನಗೆ ತಿಳಿದಿರಲಿಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೇ ಆದೇಶವೇ ಆ ಬಾಗಿಲು. ವಕೀಲರು ಇದನ್ನು ಡಿಸ್ಕವರಿ ಎನ್ನುತ್ತಾರೆ. ಎದುರು ಪಕ್ಷದವರ ವಶದಲ್ಲಿರುವ ಸಂಗತಿಯನ್ನೂ ಕಾಗದಪತ್ರವನ್ನೂ ವಿಚಾರಣೆಗೆ ಮೊದಲೇ, ನ್ಯಾಯಾಲಯದ ಮೂಲಕ ಅವರಿಂದಲೇ ಹೊರಗೆ ತರಿಸುವುದು ಎಂದು ಅದರ ಅರ್ಥ. ನ್ಯಾಯಾಲಯದ ಅನುಮತಿ ಪಡೆದು ಲಿಖಿತ ಪ್ರಶ್ನಾವಳಿ ಕೊಡಬಹುದು. ಅನುಮತಿ ದೊರೆತ ಪ್ರಶ್ನೆಗಳಿಗೆ ಹತ್ತು ದಿನಗಳಲ್ಲಿ, ಅಥವಾ ನ್ಯಾಯಾಲಯ ಗೊತ್ತುಪಡಿಸಿದ ಅವಧಿಯಲ್ಲಿ, ಪ್ರಮಾಣ ಮಾಡಿ ಉತ್ತರಿಸಬೇಕು. ದಾಖಲೆಗಳ ಪಟ್ಟಿ ಕೇಳಬಹುದು, ಹಾಜರುಪಡಿಸುವಂತೆ ಆದೇಶ ಪಡೆಯಬಹುದು, ಪರಿಶೀಲಿಸಿ ನಕಲು ತೆಗೆದುಕೊಳ್ಳಬಹುದು. ಆದೇಶವನ್ನು ಧಿಕ್ಕರಿಸಿದರೆ ವಾದಿಯ ದಾವೆ ವಜಾ ಆಗಬಹುದು, ಪ್ರತಿವಾದಿಯಾದರೆ ಅವನ ಪ್ರತಿವಾದವನ್ನೇ ಹೊಡೆದುಹಾಕಬಹುದು.

1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 10ನೇ ಕಲಮಿನ ಪ್ರಕಾರ ಈ ಸಂಹಿತೆ ಅಲ್ಲಿಗೂ ಅನ್ವಯಿಸುತ್ತದೆ. ಅದೇ ಕಾಯ್ದೆಯ 14ನೇ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಾಕ್ಷ್ಯದ ಕಾನೂನಿನ ಕಟ್ಟುಪಾಡಿಗೆ ಒಳಪಡದ ವರದಿ, ಹೇಳಿಕೆ, ದಾಖಲೆಗಳನ್ನೂ ವ್ಯಾಜ್ಯದ ಪರಿಹಾರಕ್ಕೆ ನೆರವಾಗುವುದಾದರೆ ಸ್ವೀಕರಿಸುವ ಅಧಿಕಾರವನ್ನು ನ್ಯಾಯಾಧೀಶರಿಗೆ ಕೊಟ್ಟಿದೆ. ಗಂಡಹೆಂಡಿರು ಒಬ್ಬರಿಗೊಬ್ಬರು ರಸೀತಿ ಬರೆದುಕೊಟ್ಟು ಸಂಸಾರ ಮಾಡುವುದಿಲ್ಲ ಎಂಬುದು ಕಾಯ್ದೆ ಬರೆದವರಿಗೆ ತಿಳಿದಿತ್ತೆಂದು ಕಾಣುತ್ತದೆ.

ಇಷ್ಟಾದರೂ ಸಂಸಾರದ ವ್ಯಾಜ್ಯಗಳಲ್ಲಿ ಇಬ್ಬರೂ ಆದಾಯ ಮುಚ್ಚಿಡುವುದು, ಮಧ್ಯಂತರ ಅರ್ಜಿಗಳು ವರ್ಷಗಟ್ಟಲೆ ಎಳೆಯುವುದು ನಿಲ್ಲಲಿಲ್ಲ. ಕೊನೆಗೆ 2020ರ ನವೆಂಬರ್ 4ರಂದು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದ ಇಂದು ಮಲ್ಹೋತ್ರಾ ಮತ್ತು ಆರ್. ಸುಭಾಷ್ ರೆಡ್ಡಿ ಅವರು ಒಂದು ಕ್ರಮ ಹಾಕಿಕೊಟ್ಟರು. ಜೀವನಾಂಶದ ಪ್ರಕರಣಗಳಲ್ಲಿ ಗಂಡ ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ, ಖರ್ಚುಗಳನ್ನು ನಿಗದಿತ ನಮೂನೆಯ ಪ್ರಮಾಣಪತ್ರದಲ್ಲಿ ಸಲ್ಲಿಸಬೇಕು. ಎದುರು ಪಕ್ಷ ನಾಲ್ಕು ವಾರಗಳೊಳಗೆ ಉತ್ತರದೊಡನೆ ತನ್ನದನ್ನು ಕೊಡಬೇಕು. ಅದರಲ್ಲಿ ಹೇಳಿದ್ದು ಸುಳ್ಳೆಂದು ಕಂಡರೆ 11ನೇ ಆದೇಶದಂತೆ ಪ್ರಶ್ನಾವಳಿಗೂ ದಾಖಲೆಗಳಿಗೂ ಅನುಮತಿ ಕೇಳಬಹುದು. ಬೇಸಾಯಗಾರರಿಗೆ ಬೇರೆಯದೇ ನಮೂನೆಯಿದೆ. ಪ್ರಮಾಣಪತ್ರಗಳು ಬಂದ ಮೇಲೆ ನಾಲ್ಕರಿಂದ ಆರು ತಿಂಗಳೊಳಗೆ ಮಧ್ಯಂತರ ಅರ್ಜಿಯನ್ನು ತೀರ್ಮಾನಿಸಲು ಯತ್ನಿಸಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕು.

‘ಇಬ್ಬರೂ’ ಎಂಬ ಪದವನ್ನು ವಕೀಲೆ ಎರಡು ಸಲ ಒತ್ತಿ ಹೇಳಿದಳು. ನಾನು ಕೇಳಿಸಿಕೊಂಡೆ, ಆದರೆ ಮನಸ್ಸಿಗೆ ತಂದುಕೊಳ್ಳಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ತಂಗಿಯ ಮನೆಯ ಊಟದ ಮೇಜಿನ ಮೇಲೆ ನಮೂನೆಯ ಹಾಳೆಗಳನ್ನು ಹರಡಿಕೊಂಡು ಕುಳಿತೆವು. ಬಾಡಿಗೆ, ಹಾಲು, ಮಗುವಿನ ಶಾಲೆಯ ಶುಲ್ಕ, ಔಷಧಿ ಎಲ್ಲವನ್ನೂ ಬರೆದೆವು. ನಾನು ನಿವೃತ್ತನಾದಾಗ ಅವಳ ಹೆಸರಿನಲ್ಲಿ ಇಟ್ಟಿದ್ದ ಚಿಕ್ಕ ಠೇವಣಿಯನ್ನೂ ಬರೆದೆವು. ‘ಸ್ವಂತ ಆದಾಯ’ ಎಂಬ ಅಂಕಣ ಬಂತು. ಬಿ.ಎಸ್ಸಿ. ಮಾಡಿರುವ ಅವಳು ಸಂಜೆ ಹೊತ್ತು ಓಣಿಯ ಮಕ್ಕಳಿಗೆ ಮನೆಪಾಠ ಹೇಳುತ್ತಿದ್ದಳು. ಹನ್ನೊಂದು ಮಕ್ಕಳು, ತಲಾ 600 ರೂಪಾಯಿ, ತಿಂಗಳಿಗೆ 6,600. ಆ ಹಣ ಫೋನಿನ ಮೂಲಕ ಅವಳ ಅಮ್ಮನ ಖಾತೆಗೆ ಬರುತ್ತಿತ್ತು.

ಅವಳು ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ‘ಮಾವ, ಇದನ್ನು ಎಲ್ಲಿ ಬರೆಯಲಿ?’

‘ಅದೇನು ಸಂಬಳವೇ? ಇಂದು ಇರುತ್ತದೆ, ನಾಳೆ ಇಲ್ಲ. ಅವನು ಲಕ್ಷಗಟ್ಟಲೆ ಮುಚ್ಚಿಟ್ಟಿರುವಾಗ ನಿನ್ನ ಆರು ಸಾವಿರವನ್ನು ಡಂಗುರ ಸಾರಬೇಕೇ? ಬಿಡು.’

‘ಬರೆಯದಿದ್ದರೆ ತಪ್ಪಾಗುವುದಿಲ್ಲವೇ?’

‘ನಾನು ಹೇಳುತ್ತಿದ್ದೇನಲ್ಲ’ ಎಂದೆ. ಅವಳು ಅಲ್ಲಿ ‘ಇಲ್ಲ’ ಎಂದು ಬರೆದಳು. ವಕೀಲೆಗೆ ನಾವಿಬ್ಬರೂ ಈ ವಿಷಯ ಹೇಳಲಿಲ್ಲ.

ಗಂಡನ ಪ್ರಮಾಣಪತ್ರವೂ ಬಂತು. ಅದೇ 18,000 ರೂಪಾಯಿ. ವಕೀಲೆ ಪ್ರಶ್ನಾವಳಿಗೆ ಅನುಮತಿ ಕೋರಿ ಅರ್ಜಿ ಸಿದ್ಧಪಡಿಸತೊಡಗಿದಾಗ ನನಗೆ ಹುರುಪು ಬಂತು. ಬಿ.ಎಡ್. ಓದುವಾಗ ಸೂಕ್ಷ್ಮ ಬೋಧನೆಯ ಪಾಠಗಳಲ್ಲಿ ಪ್ರಶ್ನೆ ಕೇಳುವ ಕೌಶಲವನ್ನು ಅಭ್ಯಾಸ ಮಾಡಿದವನು, ಎಷ್ಟೋ ಪ್ರಶ್ನೆಪತ್ರಿಕೆ ತೆಗೆದವನು ನಾನು. ಒಂದು ರಾತ್ರಿ ಕುಳಿತು ಇಪ್ಪತ್ತು ಪ್ರಶ್ನೆ ಬರೆದೆ. ಮೊದಲನೆಯದು: ‘ನೀವು ನಿಮ್ಮ ನಿಜವಾದ ಆದಾಯವನ್ನು ಬೇಕೆಂದೇ ಮುಚ್ಚಿಟ್ಟಿರುವುದು ಸತ್ಯವಲ್ಲವೇ?’

ವಕೀಲೆ ಅದರ ಮೇಲೆ ಕೆಂಪು ಗೆರೆ ಎಳೆದಳು. ನನ್ನ ಉತ್ತರಪತ್ರಿಕೆಯ ಮೇಲೆ ಶಿಷ್ಯೆ ಗೆರೆ ಎಳೆದದ್ದು ಅದೇ ಮೊದಲು. ‘ಇದು ಪಾಟೀಸವಾಲಿನ ಪ್ರಶ್ನೆ ಸಾರ್. ಇದಕ್ಕೆ ಅವರು “ಸುಳ್ಳು” ಎಂದು ಒಂದೇ ಪದ ಬರೆದು ಮುಗಿಸುತ್ತಾರೆ. ಪ್ರಶ್ನಾವಳಿಯಲ್ಲಿ ಬೈಗುಳ ಇರಬಾರದು, ಊಹೆ ಇರಬಾರದು. ವಾಸ್ತವ ಕೇಳಬೇಕು. ಪಾಟೀಸವಾಲಿನಲ್ಲಿ ಕೇಳಬಹುದಾದ ಎಲ್ಲವನ್ನೂ ಇಲ್ಲಿ ಕೇಳಲು ಬಿಡುವುದಿಲ್ಲ.’

ಕೊನೆಗೆ ಉಳಿದದ್ದು ಹದಿನಾಲ್ಕು ಪ್ರಶ್ನೆಗಳು. ಕಂಪನಿಯ ಕೆಲಸ ಬಿಟ್ಟ ದಿನಾಂಕ ಯಾವುದು? ಕಳೆದ ಮೂರು ವರ್ಷಗಳಲ್ಲಿ ನಿಮ್ಮ ಹೆಸರಿನಲ್ಲಿರುವ ಅಥವಾ ಇದ್ದ ಬ್ಯಾಂಕ್ ಖಾತೆಗಳು ಯಾವುವು? ಕಾರಿನ ಸಾಲದ ತಿಂಗಳ ಕಂತು 14,500 ರೂಪಾಯಿ ಯಾವ ಖಾತೆಯಿಂದ ಹೋಗುತ್ತದೆ? ಆ ಖಾತೆಗೆ ಹಣ ಎಲ್ಲಿಂದ ಬರುತ್ತದೆ? ಇವುಗಳಲ್ಲಿ ಒಂದೂ ಕೋಪದ ಮಾತಲ್ಲ. ನ್ಯಾಯಾಧೀಶರು ಒಂಬತ್ತಕ್ಕೆ ಅನುಮತಿ ಕೊಟ್ಟು ಐದನ್ನು ತೆಗೆದುಹಾಕಿದರು. ತೆಗೆದುಹಾಕಿದ ಐದೂ ನನ್ನವೇ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಹತ್ತು ದಿನಗಳ ಉತ್ತರ ಎರಡು ವಾಯಿದೆ ಕಳೆದ ಮೇಲೆ ಬಂತು. ಖಾತೆಯ ಸಂಖ್ಯೆ ದೊರೆತೊಡನೆ ಬ್ಯಾಂಕಿಗೆ ದಾಖಲೆ ಹಾಜರುಪಡಿಸುವಂತೆ ಸಮನ್ಸ್ ಹೋಯಿತು. ಬ್ಯಾಂಕಿನವರು 1891ರ ಬ್ಯಾಂಕ್ ಪುಸ್ತಕಗಳ ಸಾಕ್ಷ್ಯ ಕಾಯ್ದೆಯಂತೆ ದೃಢೀಕರಿಸಿದ ಪ್ರತಿ ಕಳುಹಿಸಿದರು. ಅದರಲ್ಲಿ ಪ್ರತಿ ತಿಂಗಳ ಮೊದಲ ವಾರ ಬಂಧುವಿನ ಅಂಗಡಿಯಿಂದ 60,000 ರೂಪಾಯಿ ‘ಸಾಲ’ ಎಂಬ ಹೆಸರಿನಲ್ಲಿ ಜಮೆಯಾಗಿತ್ತು. ಹತ್ತೊಂಬತ್ತು ತಿಂಗಳು ಸತತವಾಗಿ ಒಂದೇ ಮೊತ್ತದ ಸಾಲ ಪಡೆದು ಒಂದು ಕಂತನ್ನೂ ತೀರಿಸದಿರುವುದು ಎಂಥ ಸಾಲವೆಂದು ಯಾರಿಗಾದರೂ ಹೊಳೆಯುತ್ತದೆ. ಆ ಹಾಳೆಗಳನ್ನು ನೋಡಿದ ದಿನ ನಾನು ಮನೆಗೆ ಬಂದು ಮೈಸೂರು ಪಾಕು ತರಿಸಿದೆ.

ಆ ಸಂತೋಷ ಹನ್ನೆರಡು ದಿನ ಬಾಳಿತು. ಎದುರು ಪಕ್ಷದವರಿಗೂ ಅದೇ ಬಾಗಿಲು ತೆರೆದಿತ್ತಲ್ಲ! ಅವರೂ ಪ್ರಶ್ನಾವಳಿಗೆ ಅನುಮತಿ ಕೇಳಿದರು. ಕೇವಲ ಮೂರು ಪ್ರಶ್ನೆ. ನೀವು ಮನೆಯಲ್ಲಿ ಪಾಠ ಹೇಳುತ್ತೀರಾ? ಎಷ್ಟು ಮಕ್ಕಳು, ಶುಲ್ಕವೆಷ್ಟು? ಶುಲ್ಕ ಯಾರ ಖಾತೆಗೆ ಬರುತ್ತದೆ? ಅರ್ಜಿಯೊಡನೆ ಒಂದು ಛಾಯಾಚಿತ್ರವಿತ್ತು. ತಂಗಿಯ ಮನೆಯ ಗೇಟಿಗೆ ಕಟ್ಟಿದ ಫಲಕ: ‘ಇಲ್ಲಿ 1ರಿಂದ 7ನೇ ತರಗತಿಯ ಮಕ್ಕಳಿಗೆ ಮನೆಪಾಠ ಹೇಳಲಾಗುವುದು.’ ದುಂಡನೆಯ ಅಕ್ಷರ, ಒತ್ತಕ್ಷರಗಳು ಅಚ್ಚುಕಟ್ಟು. ಅದನ್ನು ಬಣ್ಣದಲ್ಲಿ ಬರೆದವನು ನಾನೇ.

ವಕೀಲೆ ಚಿತ್ರವನ್ನು ಮೇಜಿನ ಮೇಲಿಟ್ಟು ಹುಡುಗಿಯನ್ನು ನೋಡಿದಳು. ಹುಡುಗಿ ತಲೆ ತಗ್ಗಿಸಿದಳು. ನನ್ನ ಹೆಸರು ಹೇಳಲಿಲ್ಲ. ಆ ಮೌನವನ್ನು ನಾನು ಸಹಿಸಲಾರದೆ, ‘ನಾನೇ ಬೇಡವೆಂದೆನಮ್ಮ’ ಎಂದೆ.

ವಕೀಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆತ್ತಗೆ ಹೇಳಿದಳು: ‘ಸಾರ್, ಒಂಬತ್ತನೇ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಪ್ರಮೇಯ ಪೂರ್ತಿ ಸರಿಯಾಗಿ ಬರೆದಿದ್ದೆ. ದತ್ತದಲ್ಲಿ ಒಂದು ಕೋನ ಬಿಟ್ಟಿದ್ದಕ್ಕೆ ನೀವು ಒಂದು ಅಂಕ ಕಡಿದಿರಿ. ಅತ್ತುಕೊಂಡು ಮನೆಗೆ ಹೋಗಿದ್ದೆ.’

ನನಗೆ ಆ ಉತ್ತರಪತ್ರಿಕೆ ನೆನಪಿಲ್ಲ. ಆದರೆ ಅವಳು ಹೇಳಿದ್ದು ನಿಜವೇ ಇರಬೇಕು. ನಾನು ಕಡಿಯುತ್ತಿದ್ದೆ.

ಅವಳು ವಿವರಿಸಿದ ಮೇಲೆ ನನಗೆ ಅರ್ಥವಾದದ್ದು ಇಷ್ಟು. 6,600 ರೂಪಾಯಿಯನ್ನು ಮೊದಲೇ ಬರೆದಿದ್ದರೆ ಅದರಿಂದ ಹೆಚ್ಚಿನ ನಷ್ಟವೇನೂ ಇರಲಿಲ್ಲ. ಹೆಂಡತಿ ಅಲ್ಪಸ್ವಲ್ಪ ಗಳಿಸುತ್ತಾಳೆಂಬ ಒಂದೇ ಕಾರಣಕ್ಕೆ ಜೀವನಾಂಶ ನಿರಾಕರಿಸುವಂತಿಲ್ಲವೆಂದು 2020ರ ಆ ತೀರ್ಪೇ ಹೇಳಿದೆ. ಆದರೆ ಬರೆಯದೆ ಬಿಟ್ಟದ್ದರಿಂದ ಅವಳು ಹೇಳಿದ ಉಳಿದೆಲ್ಲ ಮಾತಿನ ಮೇಲೂ ಸಂಶಯ ಬೀಳುತ್ತದೆ. ಪ್ರಮಾಣ ಮಾಡಿ ಸುಳ್ಳು ಹೇಳುವುದು ಶಿಕ್ಷಾರ್ಹ ಅಪರಾಧವೂ ಹೌದು, ಮತ್ತು ಆ ಸಹಿ ನನ್ನದಲ್ಲ, ಅವಳದು. ಉಪದೇಶ ಮಾಡಿದವನು ನಾನು, ಕಟಕಟೆಗೆ ಹೋಗಬೇಕಾದವಳು ಅವಳು.

ಮೂರು ಪ್ರಶ್ನೆಗೂ ಇದ್ದದ್ದನ್ನು ಇದ್ದಂತೆ ಉತ್ತರಿಸಿ, ಮೊದಲಿನ ತಪ್ಪನ್ನು ತಿದ್ದಿ ಹೆಚ್ಚುವರಿ ಪ್ರಮಾಣಪತ್ರ ಹಾಕಿದೆವು. ಅದರ ಮೇಲಿನ ಆಕ್ಷೇಪಣೆ, ವಾದ ಎಂದು ಮೂರು ತಿಂಗಳು ಹೋಯಿತು. 2024ರ ಕೊನೆಯಲ್ಲಿ ಆದೇಶ ಬಂತು: ತಾಯಿಗೂ ಮಗುವಿಗೂ ಸೇರಿ ತಿಂಗಳಿಗೆ 24,000 ರೂಪಾಯಿ, ಅರ್ಜಿಯ ದಿನದಿಂದ. ‘ಸಾಲ’ವೆಂದು ಹೇಳಿದ್ದು ಆದಾಯವೇ ಎಂದು ನ್ಯಾಯಾಧೀಶರು ಒಪ್ಪಿದರು. ಹೆಂಡತಿಯೂ ಆರಂಭದಲ್ಲಿ ತನ್ನ ಗಳಿಕೆಯನ್ನು ಮರೆಮಾಚಿದ್ದಳು, ಅನಂತರ ತಾನೇ ಸರಿಪಡಿಸಿದಳು ಎಂದು ಒಂದು ವಾಕ್ಯವನ್ನೂ ಬರೆದರು. ಗೆದ್ದ ಆದೇಶದೊಳಗಿನ ಆ ಒಂದು ವಾಕ್ಯ ಅವಳದಲ್ಲ, ನನ್ನದು. ಕಡತ ಇರುವವರೆಗೂ ಅದು ಅವಳ ಹೆಸರಿನ ಕೆಳಗೇ ಇರುತ್ತದೆ.

ಇನ್ನೊಂದು ಸಂಗತಿ ಹೇಳದಿದ್ದರೆ ಈ ಬರಹವೂ ದತ್ತ ಬಿಟ್ಟ ಪ್ರಮೇಯವಾದೀತು. ಅವಳ ಫೋನಿನಲ್ಲಿ ಒಂದು ಧ್ವನಿಮುದ್ರಣವಿತ್ತು. ಮನೆ ಬಿಡುವ ಹಿಂದಿನ ರಾತ್ರಿಯ ಜಗಳ. 2025ರ ಜುಲೈ 14ರಂದು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಸತೀಶ್ ಚಂದ್ರ ಶರ್ಮಾ ಅವರು, ದಂಪತಿಗಳ ನಡುವಿನ ವ್ಯಾಜ್ಯದಲ್ಲಿ ಒಬ್ಬರು ಇನ್ನೊಬ್ಬರಿಗೆ ತಿಳಿಯದಂತೆ ಮುದ್ರಿಸಿಕೊಂಡ ಮಾತುಕತೆಯನ್ನೂ ಸಾಕ್ಷ್ಯವಾಗಿ ಪರಿಗಣಿಸಬಹುದೆಂದು ತೀರ್ಪಿತ್ತರು. ಪತ್ರಿಕೆಯಲ್ಲಿ ಅದನ್ನು ಓದಿದ ಸೋದರಳಿಯ ಓಡಿ ಬಂದ. ಬಾಗಿಲು ತೆರೆದಿದೆಯೆಂದು ಎಲ್ಲ ಕಡೆಗೂ ನುಗ್ಗುವಂತಿಲ್ಲ. ಹೊರಗಿನ ಮೂರನೆಯ ವ್ಯಕ್ತಿಯ ಮೊಬೈಲ್ ಟವರ್ ವಿವರಗಳನ್ನು ಗಂಡಹೆಂಡಿರ ಮೊಕದ್ದಮೆಗೆ ಎಳೆತರುವುದು ಆ ವ್ಯಕ್ತಿಯ ಖಾಸಗಿತನಕ್ಕೆ ಧಕ್ಕೆಯೆಂದು ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯ 2022ರಲ್ಲಿ ಹೇಳಿದೆ. ಆದರೆ ನಮ್ಮ ಮುದ್ರಣಕ್ಕೆ ಆ ತೊಡಕಿರಲಿಲ್ಲ. ಹಾಕಬಹುದಿತ್ತು.

ಅವಳು ಒಪ್ಪಲಿಲ್ಲ. ‘ಮಾವ, ಅದರಲ್ಲಿ ಕೊನೆಗೆ ಮಗು ಅಳುವುದು ಕೇಳಿಸುತ್ತದೆ. ನಾಳೆ ದೊಡ್ಡವನಾದ ಮೇಲೆ ತನ್ನ ಅಳುವಿಗೆ ನಂಬರ್ ಹಾಕಿ ಕಡತದಲ್ಲಿ ಇಟ್ಟಿದ್ದರೆಂದು ಅವನಿಗೆ ತಿಳಿಯಬಾರದು.’ ಮನೆಪಾಠದ ಆದಾಯವನ್ನು ಬರೆಯಬೇಡವೆಂದ ನಾನು ಈ ಮಾತಿಗೆ ಎದುರಾಡಲು ಯಾವ ಮುಖದಿಂದ ಹೋಗಲಿ? ಅಡಗಿಸುವುದಕ್ಕೂ ಹಾಕದಿರುವುದಕ್ಕೂ ಇರುವ ಅಂತರವನ್ನು ಅವಳು ನನಗಿಂತ ಸ್ಪಷ್ಟವಾಗಿ ಕಂಡಿದ್ದಳು. ಕೇಳಿದ್ದನ್ನು ಮುಚ್ಚಿಡುವುದು ಸುಳ್ಳು. ಯಾರೂ ಕೇಳದ, ತನ್ನ ಪಕ್ಷಕ್ಕೇ ಲಾಭವಾಗುವ ಒಂದನ್ನು ಮಗುವಿಗಾಗಿ ಕೈಬಿಡುವುದು ತಾಯಿಯ ಹಕ್ಕು.

ಎರಡೂ ಕಡೆಯ ಲೆಕ್ಕ ಬಯಲಿಗೆ ಬಂದ ಮೇಲೆ ಜಗಳಕ್ಕೆ ಹೆಚ್ಚೇನೂ ಉಳಿದಿರಲಿಲ್ಲ. ಮಧ್ಯಸ್ಥಿಕೆಯ ಮೇಜಿನಲ್ಲಿ ಮೂರು ಸಲ ಕುಳಿತು, ಪರಸ್ಪರ ಒಪ್ಪಿಗೆಯಿಂದ ಬೇರೆಯಾಗಲು ಇಬ್ಬರೂ ಸಹಿ ಹಾಕಿದರು. ತಂದೆ ತಿಂಗಳಿಗೆ ಎರಡು ಭಾನುವಾರ ಮಗನನ್ನು ಕರೆದೊಯ್ಯುತ್ತಾನೆ. ಸಮಯಕ್ಕೆ ಸರಿಯಾಗಿ ಬರುತ್ತಾನೆ ಎಂಬುದನ್ನೂ ಹೇಳಬೇಕು.

ನನ್ನ ವಿದ್ಯಾರ್ಥಿಗಳಲ್ಲಿ ಯಾರಿಗೂ ಆ ಮೆಟ್ಟಿಲು ಹತ್ತುವ ದಿನ ಬಾರದಿರಲಿ. ಬಂದರೆ ಈ ಮೇಷ್ಟರ ಮಾತು ನೆನಪಿರಲಿ. ಪಾಸ್‌ಬುಕ್, ರಸೀತಿ, ಶುಲ್ಕದ ಚೀಟಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಡಿ. ಇನ್ನೊಬ್ಬರ ಬೀಗ ಒಡೆಯಬೇಡಿ. ಕೇಳುವ ದಾರಿಯಿದೆ, ಅದು ನಿಧಾನವಾದರೂ ತಲುಪುತ್ತದೆ. ನಿಮ್ಮ ವಕೀಲರಿಂದ ಏನನ್ನೂ ಮುಚ್ಚಿಡಬೇಡಿ. ಹಿರಿಯರು ‘ಬಿಡು’ ಎಂದರೆ, ಅವರು ಎಷ್ಟೇ ಗೌರವಾನ್ವಿತರಾಗಿರಲಿ, ಸಹಿ ಯಾರದೆಂದು ಒಮ್ಮೆ ಯೋಚಿಸಿ.

ಮನೆಪಾಠದ ಫಲಕ ಈಗಲೂ ಆ ಗೇಟಿನ ಮೇಲಿದೆ. ಮಕ್ಕಳು ಹದಿನಾರಾಗಿದ್ದಾರೆ, ಶುಲ್ಕ ಅವಳ ಖಾತೆಗೇ ಬರುತ್ತದೆ. ಮಳೆಗೆ ಮಾಸಿದ್ದ ಅಕ್ಷರಗಳನ್ನು ಕಳೆದ ತಿಂಗಳು ಹೋಗಿ ನಾನೇ ಮತ್ತೆ ತಿದ್ದಿ ಬಂದೆ.